ತಂಗಳು ತಂಗಿದ್ದೆಲ್ಲಿ?

ದಾವಣಗೆರೆಯ ಓದುಗರೊಬ್ಬರು ತಮ್ಮ ಮನೆಯ ಜಗಳವೊಂದನ್ನು ಲಕೋಟೆಗೆ ಹಾಕಿ ಕಳಿಸಿದ್ದಾರೆ. ರಾತ್ರಿ ಮಿಕ್ಕ ಅನ್ನವನ್ನು ಸೊಸೆ ಡಬ್ಬಿಗೆ ತುಂಬಿ ಫ್ರಿಜ್ಜಿಗಿಡುತ್ತಾಳೆ, ಬೆಳಿಗ್ಗೆ ಅದಕ್ಕೇ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುತ್ತಾಳೆ. ‘ತಂಗಳನ್ನದ್ದೇನಮ್ಮಾ?’ ಎಂದು ಇವರು ಕೇಳಿದರೆ, ‘ಫ್ರಿಜ್ಜಲ್ಲಿಟ್ಟಿದ್ದು ತಂಗಳು ಹೆಂಗಾಗುತ್ತೆ ಅತ್ತೆ? ಫ್ರೆಶ್ಶಾಗೇ ಐತಲ್ಲ’ ಎಂಬ ಉತ್ತರ. ಯಾರದು ಸರಿ, ನೀವೇ ಹೇಳಿ ಎಂದಿದ್ದಾರೆ.

ಅತ್ತೆ ಸೊಸೆಯರ ನಡುವೆ ಪಂಚಾಯ್ತಿ ಮಾಡಿ ಉದ್ಧಾರವಾದವರನ್ನು ನಾನು ಕಂಡಿಲ್ಲ. ಆದರೆ ‘ಫ್ರೆಶ್ಶು’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಸುಮ್ಮನಿರಲಾಗದು. ನಾಲ್ಕು ದಿನದ ಹಿಂದೆ ರುಬ್ಬಿದ ದೋಸೆ ಹಿಟ್ಟಿನ ಪೊಟ್ಟಣದ ಮೇಲೂ ಈಗ ಅದೇ ಮಾತು. ಹುಳಿ ಬಂದು ಪೊಟ್ಟಣ ಉಬ್ಬಿ ನಿಂತಿರುತ್ತದೆ, ಆದರೂ ಫ್ರೆಶ್ಶು.

ಇನ್ನು ತಂಗಳು. ಪಂಡಿತರು ಇದನ್ನು ‘ತಣ್’ ಮತ್ತು ‘ಕೂಳು’ ಎಂದು ಒಡೆದು, ಆರಿದ ಅನ್ನವೇ ತಂಗಳು ಎಂದು ಕೈ ತೊಳೆದುಕೊಳ್ಳುತ್ತಾರೆ. ವ್ಯಾಕರಣ ಅವರ ಕಡೆಗೇ ಇದೆ, ಇರಲಿ. ನನ್ನ ಮನಸ್ಸು ಮಾತ್ರ ‘ತಂಗು’ ಎಂಬಲ್ಲೇ ತಂಗಿದೆ. ಊಟಕ್ಕೆಂದು ಬಂದ ನೆಂಟ ಹೊರಡದೆ ರಾತ್ರಿ ಉಳಿದುಬಿಟ್ಟ ಹಾಗೆ, ಒಲೆಯಿಂದ ಇಳಿದು ನಮ್ಮಲ್ಲೇ ರಾತ್ರಿ ಕಳೆದದ್ದು ತಂಗಳು. ಬರೀ ಆರಿದ್ದಕ್ಕೇ ತಂಗಳೆನ್ನುವುದಾದರೆ, ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಮೊಬೈಲ್ ನೋಡುವವರೆಲ್ಲ ದಿನವೂ ತಂಗಳನ್ನೇ ಉಣ್ಣುತ್ತಿದ್ದಾರೆ ಅನ್ನಬೇಕಾಗುತ್ತದೆ.

ನನ್ನ ವಾದಕ್ಕೆ ಸಾಕ್ಷಿ ಭಗವದ್ಗೀತೆಯಲ್ಲಿದೆ. ಹದಿನೇಳನೆಯ ಅಧ್ಯಾಯ ತಾಮಸ ಆಹಾರದ ಲಕ್ಷಣ ಹೇಳುವಾಗ ‘ಪರ್ಯುಷಿತ’ ಎಂಬ ಪದ ಬಳಸುತ್ತದೆ. ಅದರ ಹೊಟ್ಟೆಯಲ್ಲಿರುವುದು ‘ವಸ್’ ಧಾತು, ಅಂದರೆ ವಾಸಿಸು, ಇರುಳು ಕಳೆ. ಸಂಸ್ಕೃತದವರಿಗೂ ಹಳೆಯ ಅನ್ನ ಅಂದರೆ ತಂಗಿದ ಅನ್ನವೇ! ಮರಾಠಿಯ ‘ಶಿಳೆ’ ಶೀತಲದಿಂದ ಬಂದದ್ದು, ಆದ್ದರಿಂದ ಪಂಡಿತರಿಗೆ ಅನುಕೂಲ. ಅದನ್ನು ನಾನು ಕಂಡೂ ಕಾಣದಂತೆ ಮುಂದೆ ಹೋಗುತ್ತೇನೆ.

ಗೀತೆಯ ಅದೇ ಶ್ಲೋಕದಲ್ಲಿ ‘ಯಾತಯಾಮ’ ಎಂಬುದೂ ಬರುತ್ತದೆ, ಒಂದು ಯಾಮ ಕಳೆದದ್ದು ಎಂದರ್ಥ. ಯಾಮವೆಂದರೆ 3 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಬಿಗಿ: ಬೇಯಿಸಿದ್ದನ್ನು 2 ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ, ಬಿಸಿಯಾಗಿಡುವುದಾದರೆ 60 ಡಿಗ್ರಿಗಿಂತ ಮೇಲಿರಲಿ, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗಿರಲಿ. ನಡುವಿನದೆಲ್ಲ ಕ್ರಿಮಿಗಳ ಸಾಮ್ರಾಜ್ಯ.

ತಂಗಳಿಗೂ ಹಳಸಿದ್ದಕ್ಕೂ ಇರುವ ಅಂತರ ಅಡುಗೆಮನೆಯಲ್ಲಿ ಕಳೆದುಹೋಗುತ್ತಿದೆ ಎಂಬುದು ನನ್ನ ದೂರು. ಕೊಬ್ಬರಿ ಕಮಟಾಗುತ್ತದೆ, ಹಿಟ್ಟು ಮುಗ್ಗುತ್ತದೆ, ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆ, ಹಾಲು ಒಡೆಯುತ್ತದೆ, ಅನ್ನ ಸಾರು ಹಳಸುತ್ತವೆ. ಒಂದೊಂದು ಕೇಡಿಗೂ ಒಂದೊಂದು ಹೆಸರಿಟ್ಟ ಮೂಗುಗಳು ನಮ್ಮ ಹಿರಿಯರವು. ಈಗ ಎಲ್ಲಕ್ಕೂ ಒಂದೇ ಮಾತು, ‘ಎಕ್ಸ್‌ಪೈರ್ ಆಗಿದೆ’. ಮನೆಯಲ್ಲಿ ಮಾಡಿದ ಹುಳಿಗೆ ತಾರೀಖು ಅಂಟಿಸಿದವರು ಯಾರು?

‘ಅನ್ನ ಹಳಸಿತ್ತು, ನಾಯಿ ಹಸಿದಿತ್ತು’ ಎಂಬ ಗಾದೆಯನ್ನೇ ನೋಡಿ. ಗತಿಯಿಲ್ಲದ ಎರಡು ಕಡೆಯವರು ಸೇರಿ ವ್ಯವಹಾರ ಕುದುರಿದಾಗ, ಅದರಲ್ಲೂ ಮದುವೆ ಕುದುರಿದಾಗ, ಬೆನ್ನ ಹಿಂದೆ ಆಡುವ ಮಾತು. ಎಲ್ಲರೂ ಅದರ ವ್ಯಂಗ್ಯಕ್ಕೆ ನಗುತ್ತಾರೆ, ನನಗೆ ಆ ಅನ್ನದ ಮೇಲೇ ಕಣ್ಣು. ಅದು ಯಾರ ಮನೆಯ ಅನ್ನ? ಹಳಸಿದ್ದನ್ನು ಪತ್ತೆ ಮಾಡಿದವರು ಯಾರು? ಗಾದೆಯಲ್ಲಿ ಅನ್ನವಿದೆ, ನಾಯಿಯಿದೆ, ಪಾತ್ರೆ ಮುಚ್ಚಲು ಮರೆತವರ ಸುಳಿವೇ ಇಲ್ಲ. ಅದನ್ನು ಕಟ್ಟಿದವರು ಅಡುಗೆಮನೆಯವರೇ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ತಪ್ಪು ಯಾರದೆಂಬುದನ್ನು ಜಾಣತನದಿಂದ ನುಂಗಿ, ನಾಯಿಯ ಹಸಿವನ್ನು ಮುಂದಿಟ್ಟಿದ್ದಾರೆ. ನಮ್ಮಜ್ಜಿ ಬೆಳಿಗ್ಗೆ ತಪ್ಪಲೆಯ ಮುಚ್ಚಳ ತೆಗೆದು ಮೊದಲು ಮೂಸುತ್ತಿದ್ದಳು. ಅನುಮಾನ ತೀರದಿದ್ದರೆ ಎರಡು ಅಗುಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿ ನಿಧಾನ ಬಿಡಿಸುತ್ತಿದ್ದಳು. ನಡುವೆ ಸಣ್ಣ ಎಳೆ ಎದ್ದರೆ ‘ನೂಲು ಬಂತು’ ಎಂದು ತಪ್ಪಲೆ ಎತ್ತಿಕೊಂಡು ಹಿತ್ತಲಿಗೆ ನಡೆಯುವಳು. ಹಿತ್ತಲಲ್ಲಿ ನಾಯಿ ಹಸಿದೇ ಇರುತ್ತಿತ್ತು. ಈಗಿನ ನಾಯಿ ಪೊಟ್ಟಣದ ತಿಂಡಿ ತಿಂದು ಸೋಫಾದ ಮೇಲೆ ಮಲಗುತ್ತದೆ, ಹಳಸಿದ ಅನ್ನ ಹಸಿ ಕಸದ ಬುಟ್ಟಿಗೆ ಹೋಗುತ್ತದೆ. ಇಂಥ ಗಾದೆಯನ್ನು ಮಕ್ಕಳಿಗೆ ಹೇಗೆ ವಿವರಿಸುವುದು?

ಆದರೆ ಅಜ್ಜಿಯ ಮೂಗಿಗೆ ನಿಲುಕದ ಕೇಡೂ ಒಂದಿದೆ. ಅದರ ಹೆಸರು ಬ್ಯಾಸಿಲಸ್ ಸೀರಿಯಸ್. (ಲ್ಯಾಟಿನ್ನಿನಲ್ಲಿ ಅದು ಮೇಣಕ್ಕೆ ಸಂಬಂಧಿಸಿದ ಪದವಂತೆ, ಆದರೆ ಕನ್ನಡದ ಕಿವಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ.) ಇದರ ಬೀಜಕಗಳು ಅನ್ನ ಬೇಯುವಾಗಲೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಮೊಳೆತು, ಬೆಳೆದು, ವಿಷ ಬಿಡುತ್ತವೆ. ಆ ವಿಷಕ್ಕೆ ವಾಸನೆ ಬರಲೇಬೇಕೆಂದಿಲ್ಲ, ಒಗ್ಗರಣೆಯ ಬಿಸಿಗೂ ಅದು ಜಗ್ಗುವುದಿಲ್ಲ. ತಿಂದ ಕೆಲವೇ ಗಂಟೆಯಲ್ಲಿ ವಾಂತಿ. ‘ಹಳಸಿದೆಯಾ?’ ಎಂಬ ಪ್ರಶ್ನೆಗೆ ಮೂಗು ಉತ್ತರ ಕೊಟ್ಟೀತು, ‘ಎಷ್ಟು ಹೊತ್ತು ಹೊರಗಿತ್ತು?’ ಎಂಬುದನ್ನು ಗಡಿಯಾರವೇ ಹೇಳಬೇಕು. ತಂಗಳು ಗಡಿಯಾರದ ಮಾತು. ಅದಕ್ಕೇ ಆ ಮಾತು ಸೊಸೆಯ ಬಾಯಲ್ಲಿ ಉಳಿಯಬೇಕು ಎನ್ನುತ್ತೇನೆ. ಫ್ರಿಜ್ಜು ಕ್ರಿಮಿಯ ನಡಿಗೆಯನ್ನು ನಿಧಾನ ಮಾಡುತ್ತದೆಯೇ ಹೊರತು, ನಿನ್ನೆಯನ್ನು ಇವತ್ತು ಮಾಡುವುದಿಲ್ಲ. ಆ ಯಂತ್ರಕ್ಕೆ ‘ತಂಗಳು ಪೆಟ್ಟಿಗೆ’ ಎಂದು ಕನ್ನಡದಲ್ಲಿ ತಮಾಷೆಗಿಟ್ಟ ಹೆಸರೂ ಇದೆ. ಅದು ಕೋಶಗಳ ‘ಶೀತಕ’ಕ್ಕಿಂತ ಸಾವಿರ ಪಾಲು ಮೇಲು.

ಹಾಗೆಂದು ಅತ್ತೆಯವರು ಹಿಗ್ಗಬೇಕಿಲ್ಲ. ಪತ್ರದ ಕೊನೆಗೆ ಅವರು, ‘ನಾವು ಹುಳಿಯನ್ನು ರಾತ್ರಿ ಕುದಿಸಿ ಒಲೆಯ ಮೇಲೇ ಮುಚ್ಚಿಡುತ್ತಿದ್ದೆವು, ಏನಾಗಿತ್ತು?’ ಎಂದು ಬರೆದಿದ್ದಾರೆ. ದೊಡ್ಡ ಪಾತ್ರೆಯ ಬೇಳೆ ಹುಳಿ ಆರುವುದು ಬಹಳ ನಿಧಾನ, ನಡುಭಾಗ ಬೆಚ್ಚಗೇ ಇರುತ್ತದೆ, ಕ್ರಿಮಿಗೆ ಬೇಕಾದದ್ದೂ ಅದೇ. ಪದದಲ್ಲಿ ಸೋತ ಸೊಸೆ ಪಾತ್ರೆಯಲ್ಲಿ ಗೆದ್ದಿದ್ದಾಳೆ. ಅವಳು ಇನ್ನೊಂದಿಷ್ಟು ಮಾಡಿದರೆ ಸಾಕು: ಮಿಕ್ಕ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, 2 ಗಂಟೆಯೊಳಗೆ ಫ್ರಿಜ್ಜಿಗಿಟ್ಟು, ಬೆಳಿಗ್ಗೆ ಬೇಕಾದಷ್ಟನ್ನೇ ತೆಗೆದು ಹಬೆಯಾಡುವ ತನಕ ಬಿಸಿ ಮಾಡಲಿ.

ರಾತ್ರಿ ನೀರು ಹೊಯ್ದಿಟ್ಟು, ಹುಳಿಬಂದದ್ದಕ್ಕೆ ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ ಸೇರಿಸಿ ಉಣ್ಣುವ ಅನ್ನದ ಕತೆ ಬೇರೆ. ಅದಕ್ಕೀಗ ‘ಪ್ರೋಬಯಾಟಿಕ್’ ಎಂಬ ಪಟ್ಟ ಕಟ್ಟಿದ್ದಾರೆ. ಹೊಲಕ್ಕೆ ಹೋಗುವವರು ಉಂಡಾಗ ಅದು ಬಡತನವಾಗಿತ್ತು. ಅದರ ಬಗ್ಗೆ ಇನ್ನೊಮ್ಮೆ ಗೊಣಗುತ್ತೇನೆ.

ಕೊನೆಗೆ ಓದುಗರಿಗೊಂದು ಕೆಲಸ. ನಿನ್ನೆಯದಕ್ಕೆ ತಂಗಳು ಎನ್ನುತ್ತೇವೆ. ಮೊನ್ನೆಯ ಅನ್ನಕ್ಕೆ? ನನಗೆ ಗೊತ್ತಿರುವ ಕನ್ನಡದಲ್ಲಿ ಪದವಿಲ್ಲ. ಫ್ರಿಜ್ಜು ಬರುವ ಮುಂಚೆ ನಮ್ಮ ಸೆಕೆಯಲ್ಲಿ ಮೊನ್ನೆಯ ಅನ್ನವೆಂಬುದೇ ಇರುತ್ತಿರಲಿಲ್ಲ ಎಂದು ನನ್ನ ಲೆಕ್ಕ. ನಿಮ್ಮ ಕಡೆ ಅಂಥ ಪದವೇನಾದರೂ ಇದ್ದರೆ, ಊರಿನ ಹೆಸರು ಸೇರಿಸಿ ಬರೆಯಿರಿ.