ಗೋಡೆ ಬರಹದಿಂದ ಅಂಗೈಗೆ

ಚಿತ್ರದುರ್ಗದಿಂದ ಹಿರಿಯೂರಿಗೋ ಹೊಳಲ್ಕೆರೆಗೋ ಹೊಸದುರ್ಗಕ್ಕೋ ಬಸ್ಸಿನಲ್ಲಿ ಹೊರಟವರಿಗೆ ಮೂಲವ್ಯಾಧಿಗೆ ಖಾತರಿ ಮದ್ದು ಎಂಬಂಥ ಗೋಡೆ ಬರಹ ಹೊಸದಲ್ಲ. ಓದಿದವರಿಗೆ ಆ ಕಾಯಿಲೆ ಇದೆಯೋ ಇಲ್ಲವೋ, ಗೋಡೆಗೆ ತಿಳಿಯದು.

ಇಂಥ ಪ್ರಚಾರಕ್ಕೆ ಕಡಿವಾಣ ಹಾಕಲೆಂದು 1954ರಲ್ಲಿ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಬಂತು. ಮಧುಮೇಹ, ಕ್ಯಾನ್ಸರ್, ಪಾರ್ಶ್ವವಾಯು ಸೇರಿದಂತೆ 54 ಕಾಯಿಲೆಗಳಿಗೆ ಮದ್ದಿದೆ ಎಂದು ಸಾರುವುದನ್ನು ಅದು ನಿಷೇಧಿಸಿತು. ಕರಪತ್ರ, ಲೇಬಲ್, ಬಾಯಿಮಾತು ಹಾಗಿರಲಿ, ಬೆಳಕು, ಸದ್ದು, ಹೊಗೆಯ ಮೂಲಕ ಸಾರಿದರೂ ಜಾಹೀರಾತೇ ಎಂದಿತು. ಆದರೆ ನೋಂದಾಯಿತ ವೈದ್ಯರಿಗೆ ಗೋಪ್ಯವಾಗಿ ಕಳಿಸುವ ಪ್ರಚಾರಕ್ಕೆ ವಿನಾಯಿತಿ ಕೊಟ್ಟಿತು. ವೈದ್ಯರ ಚೀಟಿ ಬೇಕಾದ ಔಷಧಗಳ ಪ್ರಚಾರ ಬೆಳೆದದ್ದು ವೈದ್ಯರ ಬಾಗಿಲಲ್ಲೇ. ಮೆಡಿಕಲ್ ರೆಪ್, ಸ್ಯಾಂಪಲ್, ಉಡುಗೊರೆ ಎಲ್ಲವೂ ಅಲ್ಲಿಗೇ. ಈ ಉಡುಗೊರೆಗಳನ್ನು ತಡೆಯಲು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದು ಸಂಹಿತೆಯೇ ಹೊರತು ಕಾಯ್ದೆಯಲ್ಲ.

ಈಗಿನ ಗೋಡೆ ಅಂಗೈಯಲ್ಲಿದೆ. ಮೊಬೈಲಿನಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಹುಡುಕಿದವರಿಗೆ ಅದರದ್ದೇ ಜಾಹೀರಾತು ಎದುರಾಗುತ್ತದೆ. ಈ ಗೋಡೆ ಓದುಗನನ್ನು ಅರಿತೇ ಮಾತಾಡುತ್ತದೆ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಕ್ಕಳನ್ನೇ ಗುರಿಯಾಗಿಸುವ ಜಾಹೀರಾತಿಗೆ ನಿಷೇಧವಿದೆ. ದೊಡ್ಡವರಿಗೆ ಅವರವರ ಒಪ್ಪಿಗೆಯೇ ಮುಖ್ಯ ರಕ್ಷೆ. ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮವೆಂದು ಬೇರೆಯಾಗಿ ಗುರುತಿಸುವ ಕಲಮು ಅದರಲ್ಲಿಲ್ಲ.

ಒಪ್ಪಿಗೆ ಕೊಡುವವರು ನಾವೇ ಆದ್ದರಿಂದ, ಔಷಧದಂಗಡಿಯಲ್ಲಿ ಮೊಬೈಲ್ ನಂಬರು ಕೇಳಿದರೆ ‘ಯಾಕೆ?’ ಎಂದು ಕೇಳಿ ನೋಡಬೇಕು. ರೋಗಿ ಕೇಳಬಹುದಾದ ಮೊದಲ ಪ್ರಶ್ನೆ ಅದು.