ಹಿತ್ತಲಿನ ಒಲೆ: ಒಂದು ಚರಿತ್ರೆ

ಹೊಸದಾಗಿ ಮನೆ ಕಟ್ಟಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕಳುಹಿಸುವ ನಕ್ಷೆಗಳಲ್ಲಿ, ಕೈತೋಟದ ಮೂಲೆಯೊಂದರಲ್ಲಿ ‘ಔಟ್‌ಡೋರ್ ಕಿಚನ್’ ಎಂಬ ಚೌಕ ಕಾಣಿಸಿಕೊಳ್ಳುತ್ತಿದೆ. ಗ್ರಾನೈಟ್ ಕಟ್ಟೆ, ಸಿಂಕು, ಇದ್ದಿಲ ಒಲೆ, ಮೇಲೆ ಹೆಂಚಿನ ಮಾಡು. “ಸಾರ್, ಇದು ಅಮೆರಿಕದ ಫ್ಯಾಷನ್ ಅಲ್ಲವೇ?” ಎಂದು ಕೇಳುವವರೂ ಇದ್ದಾರೆ.

ಅರ್ಧ ನಿಜ. 1952ರಲ್ಲಿ ಶಿಕಾಗೋದ ವೆಬರ್ ಸಹೋದರರ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬಾತ, ನೀರಿನಲ್ಲಿ ಗುರುತಿಗಾಗಿ ತೇಲಿಬಿಡುವ ಲೋಹದ ಗೋಳವನ್ನು ಎರಡು ಹೋಳು ಮಾಡಿ, ಮುಚ್ಚಳವುಳ್ಳ ಇದ್ದಿಲ ಒಲೆಯೊಂದನ್ನು ರೂಪಿಸಿದ. ಯುದ್ಧಾನಂತರ ಬೆಳೆದ ಅಲ್ಲಿನ ಬಡಾವಣೆಗಳ ಹಿತ್ತಿಲುಗಳಿಗೆ ಇಂತಹ ಒಲೆಗಳು ಹೊಕ್ಕವು. ಇಂದಿನ ಹೊರಾಂಗಣ ಅಡುಗೆಮನೆ ಆ ವಂಶದ್ದು.

ಆದರೆ ಅಡುಗೆಯನ್ನು ಮನೆಯಿಂದ ಹೊರಗಿಡುವ ರೂಢಿ ಅದಕ್ಕಿಂತ ಬಹಳ ಹಳೆಯದು. 1705ರಲ್ಲಿ ವರ್ಜೀನಿಯಾದ ಚರಿತ್ರೆಯನ್ನು ಬರೆದ ರಾಬರ್ಟ್ ಬೆವರ್ಲಿ, ಅಡುಗೆ ಮತ್ತು ಒಗೆತದ ಕೆಲಸಗಳು ಪ್ರತ್ಯೇಕ ಕಟ್ಟಡಗಳಲ್ಲಿ ನಡೆಯುವುದರಿಂದ ವಾಸದ ಮನೆಯು ತಂಪಾಗಿ, ವಾಸನೆಯಿಲ್ಲದೆ ಇರುತ್ತದೆಂದು ದಾಖಲಿಸಿದ್ದಾನೆ. ತಂಪು ಯಜಮಾನರಿಗೆ; ಸಿರಿವಂತರ ಎಸ್ಟೇಟುಗಳಲ್ಲಿ ಆ ಸೆಕೆಯೊಳಗೆ ನಿಂತು ಬೇಯಿಸುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು. ಬೆಂಗಳೂರಿನಲ್ಲಿ 1809ರಲ್ಲಿ ದಂಡು ನೆಲೆಯೂರಿದ ಮೇಲೆ ಎದ್ದ ಬಂಗಲೆಗಳದ್ದೂ ಇದೇ ಏರ್ಪಾಡು. ಅಡುಗೆಮನೆ ಹಿಂದೆ, ಬೇರೆಯಾಗಿ, ಆಳುಗಳ ವಾಸದ ಪಕ್ಕದಲ್ಲಿ.

ನಮ್ಮ ಊರಮನೆಗಳ ಕಥೆ ಬೇರೆ. ನಮ್ಮಲ್ಲಿ ಹಿತ್ತಿಲಲ್ಲಿ ಬೆಂಕಿಗೆ ಕೊರತೆಯೇನೂ ಇರಲಿಲ್ಲ. ನೀರು ಕಾಯಿಸುವ ಹಂಡೆಯ ಒಲೆ ಅಲ್ಲಿ. ಮದುವೆ ಬಂದರೆ ಉದ್ದನೆಯ ಗುಂಡಿ ತೋಡಿ, ಕೊಪ್ಪರಿಗೆಗಳನ್ನು ಸಾಲಾಗಿ ಏರಿಸುವುದೂ ಅಲ್ಲಿಯೇ. ಗದ್ದೆಯಂಚಿನ ಆಲೆಮನೆಯಾದರೋ ಬಯಲಿನ ಮಹಾ ಪಾಕಶಾಲೆ! ಗಮನಿಸಿ, ಈ ಹೊರಗಿನ ಒಲೆಗಳ ಮುಂದೆ ನಿಂತವರು ಹೆಚ್ಚಾಗಿ ಗಂಡಸರು: ಮದುವೆಯ ಅಡುಗೆಭಟ್ಟರು, ಬೆಲ್ಲ ತೆಗೆಯುವವರು. ದಿನನಿತ್ಯದ ಒಲೆ ಮಾತ್ರ ಮಡಿಯ ಕಾರಣಕ್ಕೆ ಮನೆಯ ಅತ್ಯಂತ ಒಳಗಿನ, ಕತ್ತಲೆಯ ಕೋಣೆಯಲ್ಲಿ, ಅಲ್ಲಿದ್ದವಳು ಹೆಂಗಸು. ಮಳೆಗಾಲದ ಹಸಿ ಸೌದೆಗೆ ಊದುಗೊಳವೆ ಹಿಡಿದು ಕೂತ ನನ್ನ ತಾಯಿಯ ಕೆಮ್ಮು ನಮಗೆ ಬೆಳಗಿನ ಗಡಿಯಾರದಂತಿತ್ತು. ಅದು ಹೊಗೆಯ ಕೆಮ್ಮೆಂದು ಮನೆಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಲಿಲ್ಲ. ಸೂರಿನಲ್ಲಿ ಒಂದು ಗವಾಕ್ಷಿಯಿತ್ತು, ಅಷ್ಟೆ.

ನಾನು ಶಾಲೆಯಲ್ಲಿ ಬೋಧಿಸಿದ ಯಾವ ಚರಿತ್ರೆಯ ಪಠ್ಯದಲ್ಲಿಯೂ ಈ ಹೊಗೆಗೆ ಒಂದು ಪುಟ ದೊರೆಯಲಿಲ್ಲ. ಆದರೂ ಅದಕ್ಕೊಂದು ಚರಿತ್ರೆಯುಂಟು. 1953ರಲ್ಲಿ ಹೈದರಾಬಾದಿನ ಎಸ್. ಪಿ. ರಾಜು ಅವರು ಕೊಳವೆಯುಳ್ಳ ಹೊಗೆರಹಿತ ಒಲೆಯನ್ನು ಕುರಿತು ಪುಸ್ತಕವನ್ನೇ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಘಟಕವು ಮುಂದಿನ ದಶಕದಲ್ಲಿ ಮೂರು ಪಾತ್ರೆಗಳ ‘ಅಸ್ತ್ರ ಒಲೆ’ಯನ್ನು ನಮ್ಮ ಹಳ್ಳಿಗಳಿಗೆ ತಂದಿತು. ಅದರ ತತ್ತ್ವ ಸರಳ: ಸೌದೆ ಜಾಲರಿಯ ಮೇಲೆ ಉರಿಯುತ್ತದೆ, ಕೆಳಗಿನಿಂದ ಗಾಳಿ ಬರುತ್ತದೆ, ಬಿಸಿ ಹೊಗೆ ಎರಡನೆಯ, ಮೂರನೆಯ ಪಾತ್ರೆಗಳ ಅಡಿಯನ್ನೂ ಕಾಯಿಸಿಯೇ ಕೊಳವೆ ಸೇರುತ್ತದೆ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1983ರಿಂದ 2002ರವರೆಗೆ ನಡೆದು ನಿಂತಿತು. ಅನೇಕ ಒಲೆಗಳು ದುರಸ್ತಿಯಿಲ್ಲದೆ ಹಾಳಾದವು. ಬಡವರ ಮನೆಗೆ ಗ್ಯಾಸ್ ಸಂಪರ್ಕ ನೀಡುವ ಉಜ್ವಲಾ ಯೋಜನೆ ಬಂದುದು 2016ರಲ್ಲಿ.

ಆದ್ದರಿಂದ ನಕ್ಷೆ ಹಿಡಿದು ಬರುವವರಿಗೆ ನನ್ನ ಮೊದಲ ಪ್ರಶ್ನೆ ಕಲ್ಲಿನ ಬಣ್ಣದ್ದಲ್ಲ, ಗಾಳಿಯದು. ಮಳೆಗಾಲದಲ್ಲಿ ನಮ್ಮ ಸೀಮೆಯ ಗಾಳಿ ಪಶ್ಚಿಮ, ನೈರುತ್ಯಗಳಿಂದ ಬೀಸುತ್ತದೆ. ಹಿರಿಯರು ಒಲೆಗೆ ಆಗ್ನೇಯವನ್ನು ಹೇಳಿದ್ದಾರೆ. ಶಾಸ್ತ್ರ ಬಿಟ್ಟು ನೋಡಿದರೂ, ಮನೆಯ ಪೂರ್ವದ ಕಡೆ ಒಲೆಯಿದ್ದರೆ ಹೊಗೆ ಮನೆಯೊಳಕ್ಕೆ ನುಗ್ಗದೆ ಆಚೆ ಸಾಗುತ್ತದೆ. ಎರಚಲು ತಡೆಯಲು ಪಶ್ಚಿಮಕ್ಕೆ ಒಂದು ಗೋಡೆ ಸಾಕು, ಉಳಿದ ಮೂರು ದಿಕ್ಕು ತೆರೆದಿರಲಿ. ಕಟ್ಟೆಯ ಎತ್ತರವನ್ನು ಮೇಸ್ತ್ರಿಯ ಅಳತೆಗೆ ಬಿಡದೆ, ಅಡುಗೆ ಮಾಡುವವರನ್ನೇ ನಿಲ್ಲಿಸಿ, ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗೆ ಗುರುತು ಹಾಕಿಸಿ. ಅವರು ಗೋಡೆಯನ್ನಲ್ಲ, ತೋಟವನ್ನೂ ಬಂದವರ ಮುಖವನ್ನೂ ನೋಡುತ್ತ ನಿಲ್ಲುವಂತಿರಲಿ. ನುಣುಪು ಕಪ್ಪು ಗ್ರಾನೈಟ್ ಅಂದವಾದರೂ ಬಿಸಿಲಿಗೆ ಕಾದು ಕೈ ಸುಡುತ್ತದೆ. ತಿಳಿ ಬಣ್ಣದ ಕಲ್ಲು ಮೇಲು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ನಿಲ್ಲುತ್ತದೆ. ಆದುದರಿಂದ ಸಿಲಿಂಡರ್ ಇಡುವ ಕಪಾಟಿಗೆ ನೆಲಮಟ್ಟದಲ್ಲಿ ಕಿಂಡಿಗಳು ಇರಲೇಬೇಕು. ಅಕ್ಕಿ ತೊಳೆದ ನೀರನ್ನು ಚರಂಡಿಗೆ ಬಿಡಬೇಡಿ, ಸಿಂಕಿನ ಪಕ್ಕದಲ್ಲಿ ಎರಡು ಬಾಳೆ ನೆಡಿ.