ಭೋಗ್ಯ, ಕ್ರಯ, ಬಾಡಿಗೆ: ಚಿಕ್ಕಬಳ್ಳಾಪುರ ಸೀಮೆಯ ಒಂದು ರೂಢಿಯ ಚರಿತ್ರೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳಲ್ಲಿ ಮನೆಯೊಂದನ್ನು ‘ಲೀಸಿಗೆ’ ಪಡೆಯುವುದೆಂದರೆ ತಿಂಗಳು ತಿಂಗಳು ಹಣ ಕಟ್ಟುವುದೆಂದು ಅರ್ಥವಲ್ಲ. ವಾಸಕ್ಕೆ ಬರುವವನು ಒಂದು ದೊಡ್ಡ ಮೊತ್ತವನ್ನು ಒಮ್ಮೆಗೇ ಮಾಲೀಕನ ಕೈಗೆ ಕೊಟ್ಟು, ಎರಡೋ ಮೂರೋ ವರ್ಷ ಬಾಡಿಗೆಯಿಲ್ಲದೆ ಆ ಮನೆಯಲ್ಲಿದ್ದು, ಮುದ್ದತು ಮುಗಿದಾಗ ಮನೆ ಬಿಟ್ಟುಕೊಟ್ಟು ಕೊಟ್ಟಷ್ಟೇ ಹಣವನ್ನು ಬಡ್ಡಿಯಿಲ್ಲದೆ ಹಿಂದಕ್ಕೆ ಪಡೆಯುತ್ತಾನೆ. ಹಳೆಯ ಪತ್ರಗಳಲ್ಲಿ ಭೋಗ್ಯವೆಂದು ಕರೆಯಲಾಗಿರುವ ಈ ವ್ಯವಹಾರವು ಕ್ರಯಕ್ಕೂ ಬಾಡಿಗೆಗೂ ನಡುವಣ ಮೂರನೆಯ ದಾರಿಯಾಗಿದ್ದು, ವಸ್ತುವನ್ನು ಕೊಳ್ಳುವುದು ಲಾಭವೋ ಅದರ ಬಳಕೆಯನ್ನಷ್ಟೇ ಪಡೆಯುವುದು ಲಾಭವೋ ಎಂಬ, ಇಂದು ಕಾರಿನ ಸಂದರ್ಭದಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆಗೆ ಈ ಸೀಮೆಯ ಜನರು ಬಹುಕಾಲದಿಂದ ಕೊಟ್ಟುಕೊಂಡು ಬಂದ ಉತ್ತರವೂ ಆಗಿದೆ.

ಈ ರೂಢಿಯ ಶಾಸ್ತ್ರೀಯ ವಿವರಣೆ ಕನ್ನಡ ನೆಲದಲ್ಲೇ ರಚಿತವಾದ ಗ್ರಂಥವೊಂದರಲ್ಲಿ ದೊರೆಯುತ್ತದೆ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಆಧಿಯನ್ನು, ಅಂದರೆ ಸಾಲಕ್ಕಾಗಿ ಒತ್ತೆಯಿಟ್ಟ ವಸ್ತುವನ್ನು, ಕಾಪಾಡಿಡಬೇಕಾದ ಗೋಪ್ಯಾಧಿ ಮತ್ತು ಫಲವನ್ನು ಅನುಭವಿಸಬಹುದಾದ ಭೋಗ್ಯಾಧಿ ಎಂದು ವಿಂಗಡಿಸುತ್ತದೆ. ಒಡವೆಯಂಥ ಗೋಪ್ಯಾಧಿಯನ್ನು ಸಾಲವು ದುಪ್ಪಟ್ಟಾಗುವ ತನಕವೂ ಬಿಡಿಸಿಕೊಳ್ಳದಿದ್ದರೆ ಒಡೆಯನು ಅದನ್ನು ಕಳೆದುಕೊಳ್ಳುತ್ತಾನೆ. ಹೊಲ, ತೋಟಗಳಂತೆ ಫಲ ಕೊಡುವ ಭೋಗ್ಯಾಧಿಯಾದರೋ ಎಷ್ಟು ಕಾಲ ಕಳೆದರೂ ಒಡೆಯನ ಹಕ್ಕಿನಿಂದ ತಪ್ಪಿಹೋಗುವುದಿಲ್ಲ. ಭೋಗ್ಯದ ಹುಟ್ಟುವಳಿಯಿಂದಲೇ ಅಸಲು ಬಡ್ಡಿಗಳೆರಡೂ ತೀರುವಂತೆ ಮಾಡಿಕೊಂಡ ಕರಾರಿಗೆ ಕ್ಷಯಾಧಿ ಎಂಬ ಬೇರೆಯದೇ ಹೆಸರಿದ್ದು, ಸಾಲ ತೀರಿದೊಡನೆ ಭೂಮಿ ತಾನಾಗಿ ಒಡೆಯನಿಗೆ ಮರಳಬೇಕೆಂಬುದು ಅದರ ನಿಯಮವಾಗಿದೆ. ಇಲ್ಲಿನ ವಿವೇಕವು ಮೆಚ್ಚತಕ್ಕದ್ದು: ಸಾಲ ಕೊಟ್ಟವನು ಪ್ರತಿವರ್ಷ ಫಲವನ್ನು ಉಣ್ಣುತ್ತಿರುವಾಗ ಕಾಲಹರಣದಿಂದ ಅವನಿಗೆ ನಷ್ಟವಿಲ್ಲವಾದ್ದರಿಂದ, ತಡವಾಯಿತೆಂಬ ಕಾರಣಕ್ಕೆ ಒಡೆತನವನ್ನು ಕಸಿಯುವುದಕ್ಕೆ ನ್ಯಾಯವೂ ಇಲ್ಲ.

ಒಡೆತನ ಒಬ್ಬರದು, ಅನುಭವ ಮತ್ತೊಬ್ಬರದು ಎಂಬ ಈ ಏರ್ಪಾಡು ನದಿಯ ಆಸರೆ ಕಡಿಮೆಯಿರುವ, ಕೆರೆಗಳನ್ನೇ ನಂಬಿ ಬದುಕಿದ ಈ ಸೀಮೆಗೆ ಬೇರೆ ರೂಪಗಳಲ್ಲೂ ಪರಿಚಿತವಾಗಿತ್ತು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 10ನೆಯ ಸಂಪುಟವು ಅಂದಿನ ಕೋಲಾರ ಜಿಲ್ಲೆಯ ಶಾಸನಗಳನ್ನು ಒಳಗೊಂಡಿದ್ದು, ಈ ನಾಲ್ಕೂ ತಾಲ್ಲೂಕುಗಳು ಅದರಲ್ಲಿ ಸೇರಿವೆ. ಕೆರೆ ಕಟ್ಟಿಸಿದವನಿಗೆ ಅಥವಾ ಅದನ್ನು ಕಾಪಾಡುವವನಿಗೆ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಪಾಲನ್ನು ಅನುಭವಿಸಲು ಬಿಟ್ಟುಕೊಡುವ ಕಟ್ಟುಕೊಡಗೆಯ ಪದ್ಧತಿ ಈ ಪ್ರದೇಶದ ಶಾಸನಗಳಲ್ಲಿ ಕಾಣಸಿಗುತ್ತದೆ. ಅದು ಸಾಲದ ವ್ಯವಹಾರವಲ್ಲವಾದರೂ, ನಗದು ಹಣವಿಲ್ಲದ ಕಡೆ ಭೂಮಿಯ ಅನುಭವವೇ ಸಲ್ಲಿಕೆಯ ಸಾಧನವಾಗಬಲ್ಲದೆಂಬ ತಿಳಿವಳಿಕೆ ಎರಡಕ್ಕೂ ಸಮಾನವಾದುದು.

ನಗದು ಕಂದಾಯದ ಕಾಲದಲ್ಲಿ ಈ ತಿಳಿವಳಿಕೆಗೆ ಹೊಸ ತುರ್ತು ಬಂತು. ಫಸಲಿನಲ್ಲಿ ಸರ್ಕಾರಕ್ಕೆ ಪಾಲು ಸಲ್ಲುತ್ತಿದ್ದ ಬಟಾಯಿ ಪದ್ಧತಿ ಹಿಂದೆ ಸರಿದು, ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾದ ಭೂಮಾಪನದೊಂದಿಗೆ ಎಕರೆಗಿಷ್ಟೆಂದು ಗೊತ್ತುಮಾಡಿದ ನಗದು ಕಂದಾಯ ನೆಲೆಗೊಳ್ಳುತ್ತಿದ್ದ ಹೊತ್ತಿನಲ್ಲೇ 1876ರಿಂದ 1878ರ ತನಕದ ಮಹಾಕ್ಷಾಮ ಎರಗಿತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದುದು ಆ ಕ್ಷಾಮದ ಭೀಕರತೆಯನ್ನು ತಿಳಿಸುತ್ತದೆ. ಇಂಥ ಕಾಲದಲ್ಲಿ ನಗದು ಬೇಕಾದ ರೈತನ ಮುಂದೆ ಭೂಮಿಯನ್ನು ಕ್ರಯಕ್ಕೆ ಕೊಟ್ಟು ಕೈತೊಳೆದುಕೊಳ್ಳುವುದು, ಸಾಹುಕಾರನಲ್ಲಿ ಬಡ್ಡಿಸಾಲ ಎತ್ತುವುದು, ಭೂಮಿಯನ್ನು ಭೋಗ್ಯಕ್ಕೆ ಹಾಕುವುದು ಎಂಬ ದಾರಿಗಳಷ್ಟೇ ಇದ್ದವು. ಕ್ರಯದಲ್ಲಿ ಭೂಮಿ ಶಾಶ್ವತವಾಗಿ ಹೋಗುತ್ತಿತ್ತು, ಬಡ್ಡಿಸಾಲದಲ್ಲಿ ಮಳೆ ಕೈಕೊಟ್ಟ ವರ್ಷವೂ ಬಡ್ಡಿ ನಿಲ್ಲುತ್ತಿರಲಿಲ್ಲ. ಭೋಗ್ಯದಲ್ಲಿ ಮಾತ್ರ ಬೆಳೆ ಬಾರದ ವರ್ಷದ ನಷ್ಟವು ಹಣ ಕೊಟ್ಟವನ ಮೇಲೆ ಬೀಳುತ್ತಿತ್ತು. ಮಳೆಯನ್ನು ನಂಬಲಾಗದ ಸೀಮೆಯಲ್ಲಿ ಈ ಒಂದು ಗುಣವೇ ಆ ರೂಢಿಯನ್ನು ಬದುಕಿಸಿತೆಂದು ಹೇಳಬಹುದು. ಹೊರನೋಟಕ್ಕೆ ಭೋಗ್ಯದಂತೆಯೇ ಕಾಣುವ ಮುದ್ದತು ಕ್ರಯವು, ಎಂದರೆ ಗೊತ್ತಾದ ದಿನದೊಳಗೆ ಹಣ ಹಿಂತಿರುಗಿಸದಿದ್ದರೆ ಮಾರಾಟವೇ ಖಾಯಂ ಆಗುವ ಕರಾರು, ಇದಕ್ಕೆ ತೀರ ವಿರುದ್ಧವಾದುದು; ಓದಲು ಬಾರದ ರೈತನಿಂದ ಒಂದರ ಹೆಸರಿನಲ್ಲಿ ಇನ್ನೊಂದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಸಾಹುಕಾರಿಕೆಯ ಅತ್ಯಂತ ಕ್ರೂರ ಮುಖವಾಗಿತ್ತು.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 58ನೆಯ ಪ್ರಕರಣವು ಭೋಗ್ಯ ಮತ್ತು ಮುದ್ದತು ಕ್ರಯಗಳೆರಡನ್ನೂ ಅಡಮಾನದ ಬೇರೆ ಬೇರೆ ಬಗೆಗಳೆಂದು ವಿವರಿಸಿತು. ಭೋಗ್ಯಕ್ಕೆ ಹಾಕಿದ ಸ್ವತ್ತನ್ನು ಎಷ್ಟು ವರ್ಷದೊಳಗೆ ಬಿಡಿಸಿಕೊಳ್ಳಬೇಕೆಂಬ ವಿವಾದವು ಅದರ ನಂತರವೂ ದೀರ್ಘಕಾಲ ನಡೆದು, ಕೇವಲ 30 ವರ್ಷ ಕಳೆಯಿತೆಂಬ ಕಾರಣಕ್ಕೆ ಭೋಗ್ಯದ ಒಡೆಯನು ತನ್ನ ಹಕ್ಕನ್ನು ಕಳೆದುಕೊಳ್ಳುವುದಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ಸಿಂಗ್ ರಾಮ್ ಪ್ರಕರಣದಲ್ಲಿ ತೀರ್ಪಿತ್ತಿತು. ವಿಜ್ಞಾನೇಶ್ವರನು ವಿವರಿಸಿದ್ದ ನಿಯಮಕ್ಕೂ ಒಂಬತ್ತು ಶತಮಾನಗಳ ನಂತರದ ಈ ತೀರ್ಪಿಗೂ ಸಾರದಲ್ಲಿ ವ್ಯತ್ಯಾಸವಿಲ್ಲ.

ರೈತನಷ್ಟೇ ಅಲ್ಲ, ಸಂಸ್ಥಾನವೂ ಒಮ್ಮೆ ಇಂಥದೇ ಇಕ್ಕಟ್ಟಿಗೆ ಸಿಲುಕಿತ್ತು. ಕ್ಷಾಮಕಾಲದ ಕಾಮಗಾರಿಯಾಗಿ ಆರಂಭವಾಗಿ 1882ರಲ್ಲಿ ಮೈಸೂರು ತಲುಪಿದ ಬೆಂಗಳೂರು–ಮೈಸೂರು ರೈಲುದಾರಿ ಸಂಸ್ಥಾನದ ಸ್ವಂತ ಆಸ್ತಿಯಾಗಿದ್ದರೂ, ಅದನ್ನು ಹರಿಹರದವರೆಗೆ ವಿಸ್ತರಿಸಲು ಬೊಕ್ಕಸದಲ್ಲಿ ಹಣವಿಲ್ಲದ್ದರಿಂದ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆ ದಾರಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಆಧಾರವಾಗಿ ಒಪ್ಪಿಸಿ, ಕಂಪನಿಯು ಎತ್ತಿದ ಸಾಲದಿಂದ ಮುಂದಿನ ದಾರಿಯನ್ನು ಕಟ್ಟಿಸಲಾಯಿತು. ಗೌರಿಬಿದನೂರಿನ ಮೂಲಕ ಹಾದುಹೋಗುವ ಬೆಂಗಳೂರು–ಹಿಂದೂಪುರ ದಾರಿಯನ್ನು 1890ರ ದಶಕದ ಆರಂಭದಲ್ಲಿ ಸಂಸ್ಥಾನವು ತನ್ನ ಹಣದಿಂದಲೇ ನಿರ್ಮಿಸಿದರೂ ಅದರ ಮೇಲೆ ರೈಲು ಓಡಿಸುವ ಕೆಲಸವನ್ನು ಕಂಪನಿಗೇ ಬಿಟ್ಟುಕೊಟ್ಟಿತು. ಹಳಿಯೊಬ್ಬರದು, ಗಾಡಿಯ ಕಾರುಬಾರು ಮತ್ತೊಬ್ಬರದು ಎಂಬ ಈ ಸ್ಥಿತಿಯಿಂದ ಹೊರಬರಲು ಸಂಸ್ಥಾನಕ್ಕೆ ಹಲವು ದಶಕಗಳು ಬೇಕಾದವು. 1919ರಲ್ಲಿ ಮೈಸೂರು ದಾರಿಯೇ ಮೊದಲಾದ ಕೆಲವು ಭಾಗಗಳ ಆಡಳಿತವನ್ನು ಅದು ಮೊದಲು ವಹಿಸಿಕೊಂಡಿತು. ಅಷ್ಟರಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಕೋಲಾರಕ್ಕೂ ಬೆಂಗಳೂರಿಗೂ ಜೋಡಿಸಿದ, ಎರಡೂವರೆ ಅಡಿ ಅಗಲದ ಸಣ್ಣ ರೈಲಿನ ದಾರಿಯೂ ಸಿದ್ಧವಾಗಿತ್ತು. ಹಣವಿಲ್ಲದ ಹೊತ್ತಿನಲ್ಲಿ ಅನುಭವವನ್ನು ಬಿಟ್ಟುಕೊಟ್ಟು ಒಡೆತನವನ್ನು ಉಳಿಸಿಕೊಂಡ ಈ ನಿರ್ಧಾರವು ಒಟ್ಟಿನಲ್ಲಿ ಸರಿಯಾದುದೇ ಆಗಿತ್ತು, ಏಕೆಂದರೆ ಆಸ್ತಿ ಕೊನೆಗೆ ನಾಡಿಗೇ ಮರಳಿತು.

ಹೊಲದ ವಿಷಯದಲ್ಲಿ ಭೋಗ್ಯದ ಚರಿತ್ರೆಗೆ ದೊಡ್ಡ ತಿರುವು ಬಂದದ್ದು ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆಯಿಂದ. 1961ರ ಕಾಯಿದೆಗೆ ಮಾಡಿದ ತಿದ್ದುಪಡಿಯ ಪ್ರಕಾರ 1974ರ ಮಾರ್ಚ್ 1ರಿಂದ ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನು ಸರ್ಕಾರದಲ್ಲಿ ನಿಹಿತವಾಗಿ, ನಮೂನೆ 7ರಲ್ಲಿ ಅರ್ಜಿ ಹಾಕಿದ ಗೇಣಿದಾರನಿಗೆ ಭೂನ್ಯಾಯಮಂಡಲಿಯ ಮೂಲಕ ಅಧಿಭೋಗದ ಹಕ್ಕು ದೊರೆಯುವಂತಾಯಿತು, ಹೊಸದಾಗಿ ಗೇಣಿಗೆ ಕೊಡುವುದೂ ನಿಷಿದ್ಧವಾಯಿತು. ಉಳುವವನಿಗೆ ಭೂಮಿ ದೊರಕಿಸಿದ ಈ ಕಾಯಿದೆಯ ಹಿರಿಮೆ ನಿರ್ವಿವಾದವಾದರೂ, ಅನಂತರ ಜಮೀನು ಬಿಟ್ಟುಕೊಡುವವನ ಮನಸ್ಸಿನಲ್ಲಿ ಮರಳಿ ಬಾರದೆಂಬ ಅಂಜಿಕೆ ಬೇರೂರಿದ್ದೂ ನಿಜ. ಅಡಮಾನದ ಮೇಲೆ ಸ್ವಾಧೀನದಲ್ಲಿರುವವನನ್ನು ಕಾಯಿದೆ ಗೇಣಿದಾರನೆಂದು ಪರಿಗಣಿಸದಿದ್ದುದರಿಂದ ಹೊಲದಲ್ಲಿ ಭೋಗ್ಯದ ರೂಢಿ ಉಳಿದುಕೊಂಡಿತು. ವಾರಕ್ಕೆ ಮತ್ತು ಗುತ್ತಿಗೆಗೆ ಕೊಡುವುದು ಬಾಯಿಮಾತಿನ ಮರೆಗೆ ಸರಿಯಿತು.

ಪಟ್ಟಣದ ಮನೆಗಳಲ್ಲಿ ಭೋಗ್ಯ ಬಲವಾಗಿರುವುದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಉದಾಹರಣೆಗೆ ತಿಂಗಳಿಗೆ 8,000 ರೂಪಾಯಿ ಬಾಡಿಗೆ ಬರುವ ಮನೆಯನ್ನು 10 ಲಕ್ಷ ರೂಪಾಯಿಗೆ ಭೋಗ್ಯಕ್ಕೆ ಕೊಡಲಾಗಿದೆ ಎಂದು ಭಾವಿಸಿದರೆ, ಮಾಲೀಕನು ಬಿಟ್ಟುಕೊಡುವ ಬಾಡಿಗೆ ವರ್ಷಕ್ಕೆ 96,000 ರೂಪಾಯಿ. ಅದೇ 10 ಲಕ್ಷವನ್ನು ಅವನು ಶೇಕಡಾ 12ರ ಬಡ್ಡಿಗೆ ಸಾಲ ಪಡೆದಿದ್ದರೆ 1,20,000 ರೂಪಾಯಿ ತೆರಬೇಕಾಗಿತ್ತು. ವಾಸಕ್ಕೆ ಬಂದವನು ಆ ಹಣವನ್ನು ಶೇಕಡಾ 7ರಂತೆ ಠೇವಣಿಯಿಟ್ಟಿದ್ದರೆ ಅವನಿಗೆ 70,000 ರೂಪಾಯಿಯಷ್ಟೇ ಬರುತ್ತಿತ್ತು. ಹೀಗೆ ಮಾಲೀಕನಿಗೆ 24,000, ಬಂದವನಿಗೆ 26,000 ರೂಪಾಯಿ ಉಳಿತಾಯವಾಗುತ್ತದೆ. ಉಳಿತಾಯ ಮಾಡುವವನಿಗೆ ಸಿಗುವ ಬಡ್ಡಿಗೂ ಸಾಲ ಪಡೆಯುವವನು ಕೊಡುವ ಬಡ್ಡಿಗೂ ನಡುವೆ ಇರುವ ಅಂತರವನ್ನು ಮಧ್ಯವರ್ತಿಯಿಲ್ಲದೆ ಇಬ್ಬರೂ ಹಂಚಿಕೊಳ್ಳುವುದೇ ಭೋಗ್ಯದ ಜೀವಾಳ. ಶಿಡ್ಲಘಟ್ಟದಂಥ ರೇಷ್ಮೆಯ ಊರಿನಲ್ಲಿ ಇದರ ಉಪಯೋಗ ಇನ್ನೂ ಸ್ಪಷ್ಟವಾಗಿ ತೋರುತ್ತದೆ: ಗೂಡು ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಕೊಂಡು, ನೂಲು ಬಿಚ್ಚಿ, ಅದನ್ನು ಮಾರಿ ಹಣ ಕಾಣುವ ತನಕ ರೀಲರಿಗೆ ಬಂಡವಾಳ ಬೇಕು, ಮನೆಯ ಒಂದು ಭಾಗವನ್ನು ಭೋಗ್ಯಕ್ಕೆ ಕೊಟ್ಟರೆ ಆ ಬಂಡವಾಳ ಬಡ್ಡಿಯಿಲ್ಲದೆ ಒದಗುತ್ತದೆ, ಮನೆಯೂ ಕೈಬಿಡುವುದಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗಿ, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದು, ಸುತ್ತಲ ನೆಲದ ಬೆಲೆ ಏರಿದ ಮೇಲೆ, ಅವಸರದಲ್ಲಿ ಕ್ರಯಕ್ಕೆ ಕೊಟ್ಟವರು ಕಳೆದುಕೊಂಡದ್ದನ್ನು ಭೋಗ್ಯಕ್ಕೆ ಕೊಟ್ಟವರು ಉಳಿಸಿಕೊಂಡರು.

ದಕ್ಷಿಣ ಕೊರಿಯಾದಲ್ಲಿ ಜಿಯೊನ್ಸೆ ಎಂಬ ಹೆಸರಿನಲ್ಲಿ ಇದೇ ಪದ್ಧತಿ ವ್ಯಾಪಕವಾಗಿದ್ದು, ಅಲ್ಲಿ ಮನೆಗಳ ಬೆಲೆ ಇಳಿದಾಗ ಠೇವಣಿ ಹಿಂದಿರುಗಿಸಲಾಗದ ಮಾಲೀಕರಿಂದಲೂ ಮೋಸಗಾರರಿಂದಲೂ ಸಾವಿರಾರು ಕುಟುಂಬಗಳು ಹಣ ಕಳೆದುಕೊಂಡದ್ದರಿಂದ 2023ರಲ್ಲಿ ವಿಶೇಷ ಕಾಯಿದೆಯನ್ನೇ ಮಾಡಬೇಕಾಯಿತು. ಭೋಗ್ಯದ ದುರ್ಬಲ ಜಾಗ ಅದೇ: ಸ್ವತ್ತು ಭದ್ರವಾಗಿದ್ದರೂ ಹಿಂದಿರುಗಬೇಕಾದ ಹಣ ಮಾಲೀಕನ ಕೈಯಲ್ಲಿ ಉಳಿದಿರುತ್ತದೆಯೇ ಎಂಬುದಕ್ಕೆ ಖಾತರಿಯಿಲ್ಲ.

ಈ ಹಿನ್ನೆಲೆಯಲ್ಲಿ ನೋಡಿದಾಗ ಕಾರಿನ ಲೀಸು ಹೆಸರಿನಲ್ಲಿ ಮಾತ್ರ ಮನೆಯ ಲೀಸಿಗೆ ಸಮೀಪದ್ದೆಂದು ತಿಳಿಯುತ್ತದೆ. ವಾಹನಗಳ ಲೋಕದಲ್ಲಿ ಭೋಗ್ಯಕ್ಕಿಂತ ಕ್ಷಯಾಧಿಗೆ ಹತ್ತಿರವಾದ ಬಾಡಿಗೆ–ಖರೀದಿ ಎಂಬ ಪದ್ಧತಿ ಮೊದಲು ಬಂತು. ಕಂತು ಕಟ್ಟಿ ಮುಗಿಸಿದಾಗ ವಾಹನ ಬಳಸುವವನದಾಗುವ ಈ ಏರ್ಪಾಡು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಸಾಗಿಸುವ ರೈಲು ವ್ಯಾಗನ್ನುಗಳಿಂದ ಬೆಳೆದು, ಭಾರತದಲ್ಲಿ ಲಾರಿ ಬಸ್ಸುಗಳ ಮೂಲಕ ಹರಡಿತು. ಇದಕ್ಕಾಗಿ 1972ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಎಂದೂ ಜಾರಿಗೆ ಬಾರದೆ 2005ರಲ್ಲಿ ರದ್ದಾಯಿತು. 1988ರ ಮೋಟಾರು ವಾಹನ ಕಾಯಿದೆಯ 51ನೆಯ ಪ್ರಕರಣವು ಬಾಡಿಗೆ–ಖರೀದಿ, ಲೀಸು, ಆಧಾರಸಾಲ ಮೂರನ್ನೂ ಒಟ್ಟಿಗೆ ಹೆಸರಿಸಿ, ಅಂಥ ಕರಾರನ್ನು ನೋಂದಣಿ ಪತ್ರದಲ್ಲಿ ನಮೂದಿಸಲು ವಿಧಿಸುತ್ತದೆ. ಕಾರಿನ ಲೀಸಿನಲ್ಲಿ ಕೊಟ್ಟ ಹಣ ಹಿಂದೆ ಬರುವುದಿಲ್ಲ. ಕೊಡುವ ಕಂಪನಿಯು ತಾನೂ ಬಡ್ಡಿಗೆ ಹಣ ತಂದು, ಸವಕಳಿಯನ್ನೂ ತನ್ನ ಲಾಭವನ್ನೂ ಸೇರಿಸಿ ತಿಂಗಳ ಬಾಡಿಗೆಯನ್ನು ಗೊತ್ತುಮಾಡುತ್ತದೆಯಾದ್ದರಿಂದ, ಮನೆಯ ಭೋಗ್ಯದಲ್ಲಿ ಇಬ್ಬರೂ ಹಂಚಿಕೊಳ್ಳುತ್ತಿದ್ದ ಅಂತರ ಇಲ್ಲಿ ಪೂರ್ತಿಯಾಗಿ ಕಂಪನಿಯ ಪಾಲಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ನೆಲದಂತೆ ಕಾರು ತನ್ನ ಬೆಲೆಯನ್ನು ಉಳಿಸಿಕೊಳ್ಳುವುದಿಲ್ಲ, ಮೊದಲ ವರ್ಷಗಳಲ್ಲೇ ಅದು ಹೆಚ್ಚು ಕಳೆದುಕೊಳ್ಳುತ್ತದೆ. 10 ಲಕ್ಷದ ಕಾರಿನ ಬೆಲೆ ನಾಲ್ಕು ವರ್ಷಕ್ಕೆ 5.5 ಲಕ್ಷಕ್ಕೂ ಹನ್ನೆರಡು ವರ್ಷಕ್ಕೆ 1 ಲಕ್ಷಕ್ಕೂ ಇಳಿಯುತ್ತದೆಂದು ಊಹಿಸಿದರೆ, ನಾಲ್ಕು ನಾಲ್ಕು ವರ್ಷದ ಲೀಸಿನಲ್ಲಿ ಮೂರು ಹೊಸ ಕಾರು ಬಳಸಿದವನು ಸವಕಳಿಯೊಂದಕ್ಕೇ 13.5 ಲಕ್ಷ ತೆರುತ್ತಾನೆ. ಒಂದೇ ಕಾರನ್ನು ಕೊಂಡು ಹನ್ನೆರಡು ವರ್ಷ ಓಡಿಸಿದವನಿಗೆ ತಗಲುವುದು 9 ಲಕ್ಷ, ಉಳಿದ 4.5 ಲಕ್ಷದಲ್ಲಿ ಹಳೆಯ ಕಾರಿನ ರಿಪೇರಿಗೆ ಸಾಕಷ್ಟು ಅವಕಾಶವಿದೆ. ವರ್ಗಾವಣೆಯ ನೌಕರಿಯಲ್ಲಿ ಕೆಲವೇ ವರ್ಷ ಕಾರು ಬೇಕಾದವರಿಗೆ, ನೌಕರಿ ಕೊಟ್ಟ ಸಂಸ್ಥೆಯ ಮೂಲಕ ತೆರಿಗೆಯಲ್ಲಿ ಉಳಿತಾಯ ದೊರೆಯುವವರಿಗೆ, ಬಾಡಿಗೆಯನ್ನು ವ್ಯಾಪಾರದ ಖರ್ಚೆಂದು ತೋರಿಸಬಲ್ಲವರಿಗೆ ಲೀಸು ಹೊಂದಬಹುದು. ಬಹುಕಾಲ ಬಳಸುವ ಸಾಮಾನ್ಯ ಕುಟುಂಬಕ್ಕೆ ಕ್ರಯವೇ ಅಗ್ಗ.

ಮನೆ ಹೊಲಗಳ ಭೋಗ್ಯವಾದರೋ ಈ ನಾಲ್ಕು ಊರುಗಳ ಮಟ್ಟಿಗೆ ಇಂದಿಗೂ ಸರಿಯಾದ ಆಯ್ಕೆಯೇ ಆಗಿದೆ, ಆದರೆ ಅದು ಕಾಗದದ ಮೇಲೂ ಭದ್ರವಾಗಿರಬೇಕು. 1882ರ ಕಾಯಿದೆಯ 59ನೆಯ ಪ್ರಕರಣದಂತೆ ನೂರು ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಇಂಥ ಭೋಗ್ಯಪತ್ರಕ್ಕೆ ನೋಂದಣಿಯೂ ಇಬ್ಬರು ಸಾಕ್ಷಿಗಳೂ ಕಡ್ಡಾಯವಾಗಿದ್ದರೂ, ಛಾಪಾಕಾಗದದ ಮೇಲೆ ಕರಾರು ಬರೆಸಿ ಅಷ್ಟಕ್ಕೇ ಬಿಡುವವರು ಬಹಳ ಮಂದಿ. ಮಾಲೀಕನು ಅದೇ ಮನೆಯ ಮೇಲೆ ಬ್ಯಾಂಕಿನಲ್ಲಿ ಮೊದಲೇ ಸಾಲ ಪಡೆದಿದ್ದು ತೀರಿಸದೆ ಹೋದರೆ ಬ್ಯಾಂಕು 2002ರ ಸರ್ಫೇಸಿ ಕಾಯಿದೆಯಂತೆ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು, ಆಗ ಅಂಥ ಕರಾರು ಹಿಡಿದವನು ಜೀವಮಾನದ ಉಳಿತಾಯವನ್ನು ಕಳೆದುಕೊಂಡು ಬೀದಿಗೆ ಬೀಳುತ್ತಾನೆ. ಭೋಗ್ಯಕ್ಕೆ ಹಣ ಕೊಡುವ ಪ್ರತಿಯೊಬ್ಬರೂ ಮೊದಲು ಉಪನೋಂದಣಿ ಕಚೇರಿಯಿಂದ ಆ ಸ್ವತ್ತಿನ ಋಣಭಾರ ಪ್ರಮಾಣಪತ್ರವನ್ನು ತೆಗೆಸಿ ನೋಡಬೇಕು, ತಗಲುವ ಮುದ್ರಾಂಕ ಶುಲ್ಕವನ್ನು ಲೆಕ್ಕಿಸದೆ ಪತ್ರವನ್ನು ನೋಂದಣಿ ಮಾಡಿಸಿಕೊಂಡ ಬಳಿಕವೇ ಹಣವನ್ನು ಕೈಬಿಡಬೇಕು.